ಹನಮವ್ವನ ಮೂರಕ್ಷರ

“ನನಗ ಪೂರಾ ಕಲಸೂದ ಬ್ಯಾಡ್ರಿ ಅಕ್ಕಾರ. ಬರೇ ಮೂರಕ್ಷರ ಸಾಕು,” ಎಂದು ಹನಮವ್ವ ಬಾಗಿಲಲ್ಲಿ ನಿಂತು ಹೇಳಿದಾಗ ನನಗೆ ಸಿಟ್ಟು ಬಂದಿತ್ತು.

ಸಿಟ್ಟು ನನಗೆ ಬೇಗ ಬರುತ್ತದೆ, ಮುಚ್ಚಿಡುವುದೇನಿದೆ. ಹುನಗುಂದದಿಂದ ಕೂಡಲಸಂಗಮದ ಕಡೆ ಹೋಗುವ ರಸ್ತೆಗೆ ಅಂಟಿಕೊಂಡ ನಮ್ಮೂರಿನ ಗ್ರಂಥಾಲಯವನ್ನು ನೋಡಿಕೊಳ್ಳುವವಳು ನಾನು, ಅನುರಾಧಾ. ಈಗ ಅದಕ್ಕೆ ಅರಿವು ಕೇಂದ್ರ ಎಂಬ ಹೊಸ ಬೋರ್ಡು ಬಿದ್ದಿದೆ. ಊರವರ ಬಾಯಲ್ಲಿ ಮಾತ್ರ ಇನ್ನೂ ಲೈಬ್ರರಿಯೇ, ನಾನು ಲೈಬ್ರರಿ ಅಕ್ಕಾರೇ. ಮೇಲಿನವರು ಬಾಗಲಕೋಟೆಗೆ ಕರೆಸಿ ತರಬೇತಿ ಕೊಟ್ಟು, ಊರಿನ ಹೆಣ್ಣುಮಕ್ಕಳಿಗೆ ಮೊಬೈಲ್ ಬಳಸುವುದನ್ನು ಕಲಿಸಿ ಎಂದು ಕಳಿಸಿದ್ದರು. ಕಲಿಸಬೇಕು, ಕಲಿಸುತ್ತಿರುವ ಫೋಟೋ ಕಳಿಸಬೇಕು. ಫೋಟೋ ಬರದಿದ್ದರೆ ಕಲಿಸಿದ್ದೂ ಲೆಕ್ಕಕ್ಕಿಲ್ಲ.

ತರಬೇತಿಯಲ್ಲಿ ಒಂದು ಮಾತು ಮಾತ್ರ ನನಗೆ ಬಹಳ ಹಿಡಿಸಿತ್ತು. “ಅಕ್ಷರ ಬಾರದಿದ್ದರೂ ಚಿಂತೆಯಿಲ್ಲ, ಈಗ ಮೊಬೈಲಿಗೆ ಕಿವಿ ಬಂದಿದೆ. ಮೈಕಿನ ಚಿತ್ರ ಒತ್ತಿ ಬೇಕಾದ್ದನ್ನು ಕನ್ನಡದಲ್ಲೇ ಹೇಳಿದರೆ ಅದೇ ಹುಡುಕಿ ಕೊಡುತ್ತದೆ,” ಎಂದಿದ್ದರು. ನನಗೆ ತಲೆಯ ಮೇಲಿನ ಹೊರೆ ಇಳಿದಂತಾಯಿತು. ಹಿಂದಿನ ಸಾಕ್ಷರತಾ ತರಗತಿಗಳಲ್ಲಿ ಅ ಆ ಇ ಈ ತೀಡಿಸಿ ತೀಡಿಸಿ ನಾನು ಸೋತವಳು. ದಿನವಿಡೀ ಕಳೆ ತೆಗೆದು ಬಂದ ಹೆಂಗಸರು ಪಾಟಿ ತೊಡೆಯ ಮೇಲಿಟ್ಟುಕೊಂಡು ಕುಳಿತಲ್ಲೇ ತೂಕಡಿಸುತ್ತಿದ್ದರು. ಇನ್ನು ಆ ಕಾಟವಿಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಈಕೆ ಬಂದು ಅಕ್ಷರ ಕೇಳಿದಳು. ಅದೂ ಮೂರೇ ಮೂರು.

“ಯಾವ ಮೂರು ಬೇ?” ಎಂದೆ.

“ಅವನ್ನ ನಾ ಹೇಳಾಕ ಬರೂದಿಲ್ರಿ.”

“ಹೇಳಾಕ ಬರಲಾರದ್ದನ್ನ ನಾ ಹೆಂಗ ಕಲಸ್ಲಿ? ನಾ ಏನ್ ಶಾಸ್ತ್ರಾ ಹೇಳಾಕಿ ಕಂಡೇನೇನು?”

ಒಳಗೆ ಕುಳಿತಿದ್ದ ಲಗಮವ್ವ ಕಿಸಕ್ಕನೆ ನಕ್ಕಳು. ಸಂತೆಗಳಲ್ಲಿ ಕಾಯಿಪಲ್ಯ ಮಾರುವ ಹೆಂಗಸು ಆಕೆ. ದನಿ ಯಾವಾಗಲೂ ಗಿರಾಕಿ ಕರೆಯುವ ದನಿಯೇ. “ಗಂಡನ ಹೆಸರ್ರಿ ಅಕ್ಕಾರ! ನೀಲಪ್ಪ! ಆಕಿ ಸತ್ತರೂ ಹೇಳಂಗಿಲ್ಲ!”

ಹನಮವ್ವ ಸೆರಗನ್ನು ಬಾಯಿಗೆ ಅಡ್ಡ ತಂದುಕೊಂಡು ಗೋಡೆಯ ಕಡೆ ತಿರುಗಿ ನಿಂತಳು. ತಲೆ ಅರ್ಧ ನೆರೆತಿದೆ. ಉಳ್ಳಾಗಡ್ಡಿ ಚೀಲವನ್ನು ಒಬ್ಬಳೇ ಎತ್ತಿ ಬೆನ್ನಿಗೆ ಹಾಕಿಕೊಳ್ಳುವ ಗಟ್ಟಿ ಹೆಂಗಸು. ಮೊನ್ನೆ ಮದುವೆಯಾದ ಹುಡುಗಿಯ ಹಾಗೆ ನಾಚಿದ್ದಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಗಂಡನ ಹೆಸರು ಹೇಳದ ಹೆಂಗಸರು ನಮ್ಮ ಕಡೆ ಈಗಲೂ ಇದ್ದಾರೆ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಹೆದರಿಕೆ. ರೇಷನ್ ಅಂಗಡಿಯಲ್ಲಿ, ದವಾಖಾನಿಯಲ್ಲಿ ಯಾರಾದರೂ ಕೇಳಿದರೆ ಪಕ್ಕದವರ ಮುಖ ನೋಡುತ್ತಾರೆ. ಪಕ್ಕದವರು ಹೇಳಿ ಬಿಡಿಸುತ್ತಾರೆ. ನಾನು ನನ್ನ ಗಂಡನ ಹೆಸರನ್ನು ದಿನಕ್ಕೆಷ್ಟು ಸಲ ಕೂಗುತ್ತೇನೋ, ಅದೂ ಹೆಚ್ಚಾಗಿ ಸಿಟ್ಟಿನಲ್ಲಿ. ಆತ ಗುಂಡುಕಲ್ಲಿನ ಹಾಗೆ ಇದ್ದಾನೆ. ಆದರೆ ನಂಬಿದವರಿಗೆ ಇದನ್ನೆಲ್ಲ ಹೇಳಿ ಪ್ರಯೋಜನವಿಲ್ಲ.

ಹೇಳಲೇಬೇಕಾದ ಹೊತ್ತಿಗೆಂದು ಹಿರಿಯರು ಒಂದು ದಾರಿ ಇಟ್ಟಿದ್ದಾರೆ. ಅದೇ ಒಡಪು. ಪ್ರಾಸ ಕೂಡಿಸಿದ ಎರಡು ಸಾಲಿನ ನಡುವೆ ಹೆಸರನ್ನು ಸೇರಿಸಿ ಹೇಳಿದರೆ ದೋಷವಿಲ್ಲ. ಹೊಸ ಮದುಮಗಳನ್ನು ಹೊಸ್ತಿಲಲ್ಲಿ ಅಡ್ಡಗಟ್ಟಿ, “ಹೆಸರ ಹೇಳಿ ಒಳಗ ಬಾ,” ಎಂದು ಸತಾಯಿಸುತ್ತಾರೆ. ಆಕೆ ಒಡಪು ಹೇಳುತ್ತಾಳೆ, ಎಲ್ಲರೂ ನಗುತ್ತಾರೆ, ಒಳಗೆ ಬಿಡುತ್ತಾರೆ. ಆದರೆ ಒಡಪು ಮುತ್ತೈದೆಯರ ಮಾತು. ಗಂಡ ತೀರಿಹೋದ ಮೇಲೆ ಯಾರೂ ಒಡಪು ಹೇಳುವುದಿಲ್ಲ, ಯಾರೂ ಹೇಳಿಸುವುದೂ ಇಲ್ಲ.

ಹನಮವ್ವ ಮದುಮಗಳಾಗಿ ಬಂದ ದಿನ ಹೊಸ್ತಿಲಲ್ಲಿ ನಿಂತವಳು ನಿಂತೇ ಇದ್ದಳಂತೆ. ಒಡಪು ಬಾಯಿಗೆ ಬರಲಿಲ್ಲ. ಆರತಿ ತಟ್ಟೆ ಹಿಡಿದವರ ಕೈ ಸೋತಿತು. ನಾದಿನಿಯರು ಬಿಡಲೊಲ್ಲರು. ಕೊನೆಗೆ ನೀಲಪ್ಪನೇ ನಕ್ಕು, “ಬಿಡ್ರೆವ್ವಾ ಆಕಿನ್ನ. ಇವತ್ತಿಲ್ಲದಿದ್ರ ನಾಳಿ ಹೇಳ್ತಾಳ. ನಾ ಕೇಳವ, ಆಕಿ ಹೇಳಾಕಿ. ನಿಮಗ್ಯಾಕ ಅವಸರ?” ಎಂದು ಕೈಹಿಡಿದು ಒಳಗೆ ಕರೆದುಕೊಂಡನಂತೆ.

ಆ ನಾಳೆಯನ್ನು ಆತ ಬಿಡಲಿಲ್ಲ. ಇಳಕಲ್ಲಿನ ಕಲ್ಲು ಕ್ವಾರಿಯಲ್ಲಿ ಅವನ ಕೆಲಸ. ಸಂಜೆ ಮೈಯೆಲ್ಲ ಕೆಂಪು ಧೂಳು ಮೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತು, “ಹೆಸರ ಹೇಳಿದ್ರ ಒಳಗ ಬರ್ತೇನಿ, ಇಲ್ಲದಿದ್ರ ಇಲ್ಲೇ ಕುಂದರ್ತೇನಿ,” ಎನ್ನುತ್ತಿದ್ದ. “ನಾಳಿ,” ಎಂದು ಈಕೆ ನೀರಿನ ತಂಬಿಗೆ ಮುಂದೆ ಹಿಡಿಯುತ್ತಿದ್ದಳು. ಆತ ಒಳಗೆ ಬರುತ್ತಿದ್ದ. ಮಗಳು ಹುಟ್ಟಿದರೂ, ಸಾಲಿಗೆ ಹೋಗತೊಡಗಿದರೂ ಈ ಆಟ ಮುಗಿಯಲಿಲ್ಲ. ಅಷ್ಟರಲ್ಲಿ ಹನಮವ್ವ ತನ್ನದೇ ಒಂದು ಒಡಪು ಕಟ್ಟಿಕೊಂಡಿದ್ದಳು. ಹೇಳಬಹುದಿತ್ತು. “ಕೇಳಿ ಕೇಳಿ ಬಾಗಲದಾಗ ನಿಂದರತಿದ್ರಲ್ರಿ, ಅದು ಚಂದ ಅನಸ್ತಿತ್ತು. ಹೇಳಿಬಿಟ್ರ ನಿಂದರೂದ ಬಿಡತಾರ ಅಂತ ಹೇಳಲಿಲ್ಲ,” ಎಂದು ಒಮ್ಮೆ ನನಗೆ ಹೇಳಿದಳು.

ನೀಲಪ್ಪ ಹಾಡುತ್ತಿದ್ದ. ಅಮಾಸಿ ಭಜನೆಗೆ ಏಕತಾರಿ ಹಿಡಿದು ಕುಳಿತನೆಂದರೆ ಮಲಗಿದವರೂ ಎದ್ದು ಬರುತ್ತಿದ್ದರು ಎಂದು ಊರ ಹಿರಿಯರು ಹೇಳುತ್ತಾರೆ. ಪಕ್ಕದಲ್ಲಿ ತಾಳಕ್ಕೆ ದಿಮ್ಮಡಿ ಬಾರಿಸುತ್ತಿದ್ದವನು ಗೆಳೆಯ ಇಮಾಮಸಾಬ. ಒಂದು ವರ್ಷ ಯುಗಾದಿಯ ಮುಂಚೆ ಊರಿನವರು ಶ್ರೀಶೈಲಕ್ಕೆ ಪಾದಯಾತ್ರೆ ಹೊರಟಾಗ ನೀಲಪ್ಪನೂ ಏಕತಾರಿ ಹೆಗಲಿಗೇರಿಸಿದ. ಹೊಸ್ತಿಲು ದಾಟುವ ಮುಂಚೆ ನಿಂತು, “ಈಗರ ಹೇಳಬಿಡು. ದಾರ್ಯಾಗ ನೆನಪಿಗಿರ್ತೈತಿ,” ಎಂದ.

“ತಿರಗಿ ಬರ್ರಿ. ನಿಮ್ಮನ್ನ ಹೊಸ್ತಿಲದಾಗ ನಿಲ್ಲಿಸಿ ನಾನ ಹೇಳ್ತೇನಿ,” ಎಂದಳು ಈಕೆ.

ಹೋದವರೆಲ್ಲ ತಿರುಗಿ ಬಂದರು. ನೀಲಪ್ಪ ಬರಲಿಲ್ಲ. ರಾಯಚೂರಿನ ಆಚೆ ಒಂದು ಊರಿನ ಗುಡಿಯಲ್ಲಿ ಭಜನೆ ನಡೆದಿತ್ತು, ಹಾಡಲು ಕುಳಿತ, “ನೀವು ನಡೀರಿ, ನಾ ಹಿಂದಿನಿಂದ ಬರ್ತೇನಿ,” ಅಂದ ಎಂದು ಜೊತೆಗಿದ್ದವರು ಹೇಳಿದರು. ಇಮಾಮಸಾಬ ಹುಡುಕಿಕೊಂಡು ಅಲ್ಲಿಯವರೆಗೂ ಹೋಗಿ ಬಂದ. ಅಷ್ಟರಲ್ಲಿ ಅಲ್ಲಿಂದಲೂ ಹೊರಟು ಹೋಗಿದ್ದನಂತೆ. ಯಾಕೆ ಹೋದ, ಏನಾಗಿತ್ತು ಅವನಿಗೆ, ಇಂದಿಗೂ ಯಾರಿಗೂ ತಿಳಿಯದು. ಎಲುಬಿಲ್ಲದ ನಾಲಿಗೆಗಳು ಏನೇನೋ ಆಡಿದವು. ಹನಮವ್ವ ಮಾತ್ರ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ, ವಿಧವಾ ವೇತನಕ್ಕೆ ಅರ್ಜಿ ಹಾಕು ಎಂದವರನ್ನು ಕಟ್ಟೆಯಿಂದಲೇ ಬೈದು ಕಳಿಸಿದಳು. ಆಗ ಸಾಲಿಗೆ ಹೋಗುತ್ತಿದ್ದ ಮಗಳು ಈಗ ಗುಳೇದಗುಡ್ಡದಲ್ಲಿ ಗಂಡನ ಮನೆಯ ಮಗ್ಗದಲ್ಲಿ ಕುಪ್ಪಸದ ಖಣ ನೇಯುತ್ತಾಳೆ. ಆಕೆಯ ಮಗಳು ಸಾಲಿಗೆ ಹೋಗುತ್ತಾಳೆ. “ಬಿಟ್ಟ ಹೋದಾವನ್ನ ಎಷ್ಟಂತ ಕಾಯ್ತಿ ಯವ್ವಾ?” ಎನ್ನುವುದು ಮಗಳ ಮಾತು.

ಇಷ್ಟು ವರ್ಷದ ಮೇಲೆ ಮೊಬೈಲಿನ ಸುದ್ದಿ ತಂದವನು ಇಮಾಮಸಾಬನೇ. ಈಗ ಅವನು ಮೂರು ಗಾಲಿಯ ಟಂಟಂ ಓಡಿಸುತ್ತಾನೆ. ಒಂದು ದಿನ ಸಂಗಮಕ್ಕೆ ಹೊರಟ ಪರಸ್ಥಳದವರು ಹಿಂದಿನ ಸೀಟಿನಲ್ಲಿ ಕುಳಿತು ಮೊಬೈಲಿನಲ್ಲಿ ಹಾಡು ಹಚ್ಚಿದ್ದರು. ಇಮಾಮಸಾಬನ ಕೈ ತಾನಾಗಿಯೇ ಹ್ಯಾಂಡಲಿನ ಮೇಲೆ ತಾಳ ಹಾಕಿತಂತೆ. ಆ ದನಿಯ ಜೊತೆ ಬಾರಿಸಿದ ಕೈಯಲ್ಲವೇ. ತಿರುಗಿ ಕೇಳಬೇಕೆನ್ನುವಷ್ಟರಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂತು, ಆಮೇಲೆ ಗದ್ದಲ, ಆಮೇಲೆ ಅವರು ಇಳಿದು ಹೋದರು. ಆತ ನೆಟ್ಟಗೆ ಹನಮವ್ವನ ಮನೆಗೆ ಬಂದು, “ಯಕ್ಕಾ, ನೀಲಪ್ಪನ ದನಿ ಮೊಬೈಲದಾಗ ಐತಿ. ನಾ ಕೇಳೇನಿ. ಖರೇ,” ಎಂದ.

ಮರುದಿನ ಆಕೆ ನನ್ನ ಬಾಗಿಲಲ್ಲಿದ್ದಳು.

ಮೊದಲು ನಾವೇ ಹುಡುಕಿದೆವು. ಲಗಮವ್ವ ಮೈಕು ಒತ್ತಿ ಸಂತೆಯ ದನಿಯಲ್ಲಿ “ನೀಲಪ್ಪ!” ಎಂದು ಕೂಗಿದಳು. ಬಂದರು, ಎಷ್ಟೊಂದು ನೀಲಪ್ಪಗಳು! ಟಗರು ಮಾರುವ ನೀಲಪ್ಪ, ಕುಸ್ತಿ ಹಿಡಿಯುವ ನೀಲಪ್ಪ, ಚುನಾವಣೆಗೆ ನಿಂತು ಕೈಮುಗಿಯುವ ನೀಲಪ್ಪ. ಭಜನೆ ಎಂದು ಸೇರಿಸಿದರೂ ಮುಗಿಯದಷ್ಟು ಬಂದರು. ಒಂದೆರಡು ದಿನ ಎಲ್ಲರಿಗೂ ಉಮೇದಿತ್ತು. ಆಮೇಲೆ ಒಬ್ಬೊಬ್ಬರೇ ತಮ್ಮ ಬೀಜ, ಗೊಬ್ಬರ, ಅಡುಗೆ, ಮೊಮ್ಮಕ್ಕಳ ಫೋಟೋ ನೋಡತೊಡಗಿದರು. ಯಾರ ತಪ್ಪೂ ಅಲ್ಲ. ಅಷ್ಟು ಮುಖಗಳನ್ನು ದಿನವೂ ಕುಳಿತು ನೋಡುವ ಕಣ್ಣು ಒಬ್ಬಳಿಗೇ ಇತ್ತು. ಮಗಳು ತಾನು ಹೊಸದು ಕೊಂಡ ಮೇಲೆ ಕೊಟ್ಟಿದ್ದ, ಗಾಜು ಸೀಳಿದ ಹಳೆಯ ಮೊಬೈಲೂ ಆಕೆಯ ಬಳಿ ಇತ್ತು. ಮನೆಯಲ್ಲಿ ಒಬ್ಬಳೇ ಕುಳಿತಾಗ ಹೆಸರು ಹೇಳಿಕೊಡುವವರು ಮಾತ್ರ ಇರಲಿಲ್ಲ.

ಹೆಸರಿಲ್ಲದೆ ಕೇಳಿಯೂ ನೋಡಿದಳು. “ಎಡಗೈಯಾಗ ಏಕತಾರಿ ಹಿಡದಾವ್ರು, ಕೆಂಪ ರುಮಾಲ ಸುತ್ತಾವ್ರು, ಮೂಗಿನ ಮ್ಯಾಲ ಮಚ್ಚಿ ಇದ್ದಾವ್ರು, ನಮ್ಮ ಮನ್ಯಾರು,” ಎಂದು ಮೊಬೈಲಿಗೆ ಮರ್ಯಾದೆಯಿಂದ ಹೇಳಿದಳಂತೆ. ಅದು ಮಚ್ಚೆ ಹೋಗಲಾಡಿಸುವ ಮುಲಾಮು ತೋರಿಸಿತು. ಮರುದಿನ ಉರಿಯುತ್ತ ಬಂದಳು. “ಇದಕ್ಕ ಕಿವಿ ಅಷ್ಟ ಬಂದಾವ ಅಕ್ಕಾರ, ಬುದ್ಧಿ ಬಂದಿಲ್ಲ.”

“ಮನ್ಯಾಗ ಒಬ್ಬಾಕೀನ ಇರ್ತಿ. ಬಾಗಲಾ ಹಾಕ್ಕೊಂಡು ನೀನ ಒಮ್ಮೆ ಹೇಳಬಿಡ ಬೇ. ಯಾರ ಕೇಳ್ತಾರ?” ಎಂದೆ ನಾನು.

ಹನಮವ್ವ ನನ್ನನ್ನೇ ನೋಡಿದಳು. “ಅವರ ಮುಂದ ಹೇಳ್ತೇನಿ ಅಂತ ಮಾತ ಕೊಟ್ಟೇನಿ. ಮೊದಲ ಇದರ ಮುಂದ ಹೇಳ್ಲೇನ್ರಿ?”

ನಾನು ಪಾಟಿ ಎಳೆದುಕೊಂಡೆ. ಸುಣ್ಣಕಡ್ಡಿ ತೆಗೆದುಕೊಂಡೆ.

ಎಲ್ಲರ ಕಲಿಕೆ ‘ಅ’ದಿಂದ ಶುರುವಾದರೆ ಈಕೆಯದು ‘ನೀ’ಯಿಂದ ಶುರುವಾಯಿತು. ಬೆರಳು ಪಾಟಿಯ ಮೇಲೆ ಬಾಗಿದರೂ ಗಾಜಿನ ಮೇಲೆ ಬಾಗಲೊಲ್ಲದು. ಕಳೆ ಕೀಳುವ ಕುರ್ಚಗಿ ಹಿಡಿದು ಹಿಡಿದು ದಡ್ಡುಗಟ್ಟಿದ ಬೆರಳನ್ನು ಮೊಬೈಲು ಬೆರಳೆಂದೇ ಒಪ್ಪುತ್ತಿರಲಿಲ್ಲ. ‘ಹಾ’ ಎಂದು ಬಾಯಿಯ ಉಸಿರು ಬಿಟ್ಟು ಬೆರಳು ಹಸಿ ಮಾಡಿಕೊಂಡು ಒತ್ತುವುದನ್ನು ತಾನೇ ಕಂಡುಕೊಂಡಳು. ಮನೆಯಲ್ಲಿ ರೊಟ್ಟಿ ಬಡಿಯುವಾಗ ಉದುರುಹಿಟ್ಟಿನ ಮೇಲೆ ಆ ಮೂರಕ್ಷರ ತೀಡುತ್ತಿದ್ದಳು. ಒಂದು ಮುಂಜಾನೆ ಅಳಿಸುವುದನ್ನು ಮರೆತು ಅದರ ಮೇಲೇ ರೊಟ್ಟಿ ಬಡಿದುಬಿಟ್ಟಳಂತೆ. ಆ ದಿನ ಸಂಜೆ ತರಗತಿಗೆ ಬಂದು ಸಪ್ಪಗೆ ಕುಳಿತಳು.

“ಏನಾತ ಹನಮಕ್ಕ?”

“ಅವರ ಹೆಸರ ಮ್ಯಾಲ ಬಡದೇನ್ರಿ.”

“ತಿಂದಿ, ಇಲ್ಲೋ?”

“ತಿಂದೆ. ಬಿಡಾಕ ಮನಸಾಗಲಿಲ್ಲ.”

ಲಗಮವ್ವ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಹನಮವ್ವನಿಗೂ ಕೊನೆಗೆ ನಗು ಬಂತು.

ಮೂರಕ್ಷರಕ್ಕೆ ನಿಲ್ಲಲಿಲ್ಲ ಆಕೆಯ ಕಲಿಕೆ. ಹೆಸರೊಂದೇ ಒತ್ತಿದರೆ ಜಾತ್ರೆಯಷ್ಟು ಜನ ಬರುತ್ತಾರೆ, ಊರನ್ನೂ ಸೇರಿಸು ಎಂದೆ. ಯಾವ ಊರು? ಆತ ನಡೆದು ಹೋದ ದಾರಿಯ ಊರೆಲ್ಲ ಬೇಕಾದವು. ಲಿಂಗಸೂರು ಕಲಿತಳು, ಮಸ್ಕಿ ಕಲಿತಳು, ರಾಯಚೂರು ಕಲಿತಳು. ಶ್ರೀಶೈಲಕ್ಕೆ ಬಂದಾಗ ಎರಡು ದಿನ ಒದ್ದಾಡಿ, “ಅಲ್ಲಿಗೆ ನಡಕೊಂಡ ಹೋಗೂದ ಹಗರ ಐತಿ ನೋಡ್ರಿ,” ಎಂದಳು. ಏಕತಾರಿ, ಭಜನಿ, ಪದ, ಗುಡಿ ಎಂದು ಒಂದೊಂದೇ ಕೇಳಿ ಕೇಳಿ ಬರೆಸಿಕೊಂಡಳು. ನಾನು ಊರೂರು ತಿರುಗಿ ಗಂಟಲು ಹರಿದುಕೊಂಡರೂ ಕಲಿಸಲಾಗದ್ದನ್ನು ಆ ಕಾಣದ ಮನುಷ್ಯ ಕಲಿಸುತ್ತಿದ್ದ. ಒಮ್ಮೆ ಹುನಗುಂದದ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನೂ ಕೇಳದೆ ಬೋರ್ಡು ಓದಿಕೊಂಡು ಬಸ್ ಹತ್ತಿ ಬಂದದ್ದನ್ನು ಹೇಳುವಾಗ ಆಕೆಯ ಮುಖ ನೋಡಬೇಕಿತ್ತು. “ಇಳಕಲ್ಲ ಅಂತ ಬರದಿದ್ದ ಬಸ್ಸೂ ಬಂತ್ರಿ. ಅದರಾಗಿಂದ ಇಳದಾವರನ್ನೆಲ್ಲಾ ನೋಡಿದೆ, ಸುಮ್ಮಕ,” ಎಂದಳು ಆಮೇಲೆ. ಮೇಲಿನವರಿಗೆ ನಾನು ಆಕೆಯ ಫೋಟೋ ಕಳಿಸಿದೆ. ಭಾಳ ಚಲೋ ಪ್ರಗತಿ ಎಂದು ಉತ್ತರ ಬಂತು.

ಹೀಗಿರುವಾಗ ಒಂದು ಸಂಜೆ ಹೊರಗೆ ಜಿನುಗು ಮಳೆ. ಹೆಂಗಸರಿಗೆ ಮನೆಗೆ ಹೋಗುವ ಅವಸರವಿಲ್ಲ. ಮೈಕಿನಲ್ಲಿ ಸ್ಪಷ್ಟವಾಗಿ ಮಾತಾಡುವ ಅಭ್ಯಾಸವಾಗಲಿ ಎಂದು ಒಬ್ಬೊಬ್ಬರೂ ಒಂದೊಂದು ಒಡಪು ಹೇಳಿ ಎಂದೆ. ಲಗಮವ್ವ ಸೆರಗು ಬಿಗಿದು ಮುಂದೆ ಬಂದಳು.

“ಖಣಕ್ಕ ಹೆಸರಾತು ಗುಳೇದಗುಡ್ಡ, ಯಮನಪ್ಪನ ಸಿಟ್ಟಿಗೆ ನಾನ ಅಡ್ಡ!”

ಮೊಬೈಲು ಅದನ್ನು ಅಚ್ಚುಕಟ್ಟಾಗಿ ಅಕ್ಷರದಲ್ಲಿ ಬರೆದು ತೋರಿಸಿದಾಗ ಕೋಣೆಯೇ ಹಾರಿಹೋಗುವಷ್ಟು ನಗು. ಎಲ್ಲರದೂ ಮುಗಿದ ಮೇಲೆ ಸರದಿ ಹನಮವ್ವನಿಗೆ ಬಂತು. ಬೇಡ ಎನ್ನುತ್ತಾಳೆ ಅಂದುಕೊಂಡಿದ್ದೆ. ಮಳೆಯ ಗುಂಗೋ, ನಗುವಿನ ಗುಂಗೋ, ಮೊಬೈಲು ಕೈಗೆ ತೆಗೆದುಕೊಂಡಳು.

“ಇಳಕಲ್ಲ ಸೀರಿಗಿ ಕೆಂಪ ಸೆರಗ...”

ಅಲ್ಲಿಗೆ ನಿಂತಳು. ಎರಡನೆಯ ಸಾಲಿನಲ್ಲಿ ಹೆಸರಿದೆ, ಅದು ಎಲ್ಲರಿಗೂ ಗೊತ್ತು. ಎಲ್ಲರೂ ಆಕೆಯ ಬಾಯಿಯನ್ನೇ ನೋಡಿದರು. ಮೊಬೈಲೂ ಸ್ವಲ್ಪ ಹೊತ್ತು ಕಾಯಿತು. ಆಮೇಲೆ ಅದಕ್ಕೆ ಸಾಕಾಗಿ, ಕೆಂಪು ಸೆರಗಿನ ಇಳಕಲ್ ಸೀರೆಗಳನ್ನು ಸಾಲಾಗಿ ತೋರಿಸತೊಡಗಿತು.

“ಉಳದದ್ದು ಅವರು ಬಂದಮ್ಯಾಲ,” ಎಂದು ಹನಮವ್ವ ಮೊಬೈಲನ್ನು ಲಗಮವ್ವನ ಕೈಗಿತ್ತಳು. “ಹೊಸ್ತಿಲದಾಗ ನಿಲ್ಲಿಸಿ ಹೇಳಾಕಿ. ಎಲ್ಲಾರೂ ಬರ್ರಿ ಆವತ್ತ.”

ಬರುತ್ತೇವೆಂದು ಎಲ್ಲರೂ ಹೇಳಿದೆವು. ಖರೇ ಹೇಳಬೇಕೆಂದರೆ, ಆ ಹೊತ್ತಿಗೆ ನನಗೂ ಆತ ಬರಲಿ ಎಂಬ ಆಸೆ ಹತ್ತಿಬಿಟ್ಟಿತ್ತು. ಬಿಟ್ಟು ಹೋದ ಗಂಡಸಿನ ಮೇಲೆ ನನಗೆ ಕರುಣೆಯಿಲ್ಲ. ಎದುರಿಗೆ ಸಿಕ್ಕಿದ್ದರೆ ಮೊದಲು ನಾಲ್ಕು ಮಾತು ಬೈಯುತ್ತಿದ್ದೆ. ಬೈದ ಮೇಲೆ ಆ ಹೊಸ್ತಿಲಲ್ಲಿ ನಿಲ್ಲಿಸಿ ಒಡಪು ಕೇಳಿಸಬೇಕೆಂದು ಮನಸ್ಸು ಬಯಸುತ್ತಿತ್ತು. ಮುಂಜಾನೆ ಲೈಬ್ರರಿಯ ಕೀಲಿ ತೆಗೆಯುವಾಗ ನಾನೂ ಒಮ್ಮೊಮ್ಮೆ ರಸ್ತೆಯ ಕಡೆ ನೋಡುತ್ತಿದ್ದೆ.

ಕೊನೆಗೊಂದು ದಿನ ಹನಮವ್ವ ಬಂದದ್ದು ಜೋಳದ ಸುಗ್ಗಿಯ ಹೊತ್ತಿನಲ್ಲಿ, ಮಧ್ಯಾಹ್ನ. ಹೊಲದ ಕೆಲಸ ಬಿಟ್ಟು ಮಧ್ಯಾಹ್ನ ಬರುವವಳೇ ಅಲ್ಲ. ಲಗಮವ್ವ ಆಗ ಗ್ಯಾಸ್ ಬುಕ್ ಮಾಡುವುದನ್ನು ಕಲಿಯಲು ಬಂದು ನನ್ನ ತಲೆ ತಿನ್ನುತ್ತಿದ್ದಳು. ಹನಮವ್ವ ಬಂದವಳೇ ಕೆಳಗೆ ಚಾಪೆಯ ಮೇಲೆ ಕುಳಿತು ಮೊಬೈಲನ್ನು ನನ್ನ ಮುಂದಿಟ್ಟಳು. ಒಂದು ಗುಡಿಯ ಕಟ್ಟೆ. ಬಿಳಿ ಗಡ್ಡದ ಮುದುಕ, ತಲೆಗೆ ಮಾಸಿದ ಕೆಂಪು ರುಮಾಲು, ಎಡಗೈಯಲ್ಲಿ ಏಕತಾರಿ. ಮೂಗಿನ ಮೇಲೆ ಮಚ್ಚೆ.

“ಇವರ್ರಿ,” ಎಂದಳು.

ನಾನು ಕುಣಿಯುವುದೊಂದು ಬಾಕಿ. ಲಗಮವ್ವ ಹೋ ಎಂದು ಕೂಗಿಕೊಂಡು ರಸ್ತೆಗೆ ಓಡಿ, ಸ್ಟ್ಯಾಂಡಿನಲ್ಲಿ ನಿಂತಿದ್ದ ಇಮಾಮಸಾಬನನ್ನು ಎಳೆದುಕೊಂಡು ಬಂದಳು. ಹಾಡು ಹಚ್ಚಿದೆ. ವಯಸ್ಸಿಗೆ ದನಿ ಸವೆದಿದ್ದರೂ ಕೋಣೆ ತುಂಬುವ ದನಿ. ಇಮಾಮಸಾಬ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಎರಡು ಸಾಲು ಕೇಳಿದ. “ಅವನ. ನಮ್ಮ ನೀಲಪ್ಪನ,” ಎಂದು ಹೆಗಲ ಮೇಲಿನ ಟವೆಲಿನಿಂದ ಕಣ್ಣೊತ್ತಿಕೊಂಡ. “ಹನಮಕ್ಕಾ, ಊರ ಯಾವುದು ಹೇಳು. ನಾಳಿ ಮುಂಜಾನೇನ ಹೋಗೋಣು. ಟಂಟಂ ರಾಯಚೂರತನಕಾ ಹೋಗದಿದ್ರ ಬಸ್ಸಿಗೆ ಹೋಗೋಣು.”

“ಹೊಸ್ತಿಲಾ ಸಾರಸ ಬೇ ಮೊದಲ!” ಎಂದಳು ಲಗಮವ್ವ.

ಹನಮವ್ವ ಚಾಪೆಯ ಅಂಚು ನೇವರಿಸುತ್ತ ಕುಳಿತಿದ್ದಳು. ಸಂತೋಷಕ್ಕೆ ಬಾಯಿ ಕಟ್ಟಿದೆ ಎಂದುಕೊಂಡೆ. ನಮ್ಮ ಗದ್ದಲ ತಣ್ಣಗಾಗುವವರೆಗೆ ಕಾಯ್ದು, ಬೆರಳಿಗೆ ಉಸಿರು ಬಿಟ್ಟುಕೊಂಡು ಹಾಡನ್ನು ನಿಲ್ಲಿಸಿ, ಪರದೆಯನ್ನು ಮೇಲಕ್ಕೆ ಸರಿಸಿದಳು. ವಿಡಿಯೋದ ಕೆಳಗೆ ನೋಡಿದವರು ಬರೆದ ಮಾತುಗಳಿದ್ದವು.

“ಇದು ಮುಂಜಾನಿ ಸಿಕ್ತ್ರಿ ಅಕ್ಕಾರ. ಕೆಳಗ ಏನೋ ಬರದಾರ. ನಾ ಓದೇನಿ. ಓದಿದ್ದು ಬರೋಬ್ಬರಿ ಐತೋ ಇಲ್ಲೋ, ನೋಡ್ರಿ.”

ಓದಿದೆ. ಆ ಊರಿನ ಯಾರೋ ಬರೆದಿದ್ದರು: ‘ನೀಲಪ್ಪ ಅಜ್ಜ ನಮ್ಮ ಗುಡಿಯಲ್ಲೇ ಇದ್ದರು. ಹೋದ ವರ್ಷ ಶ್ರಾವಣದಲ್ಲಿ ತೀರಿಕೊಂಡರು. ಊರವರೇ ಸೇರಿ ಮಣ್ಣು ಕೊಟ್ಟೆವು. ತಮ್ಮ ಊರು ಯಾವುದೆಂದು ಕೊನೆಯವರೆಗೂ ಹೇಳಲಿಲ್ಲ.’

ತಲೆ ಎತ್ತಲಾಗಲಿಲ್ಲ ನನಗೆ. ಇನ್ನೊಮ್ಮೆ ಓದಿದೆ. ಹನಮವ್ವ ನನ್ನ ಎದುರು ಕುಳಿತು, ಪಾಟಿ ತೋರಿಸಿ ಕಾಯುವ ಮಗುವಿನ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದಳು. ತಪ್ಪು ಓದಿದ್ದೀ ಎಂದು ನಾನು ಹೇಳಲಿ ಎಂದು ಬಂದಿದ್ದಳು. ಮುಂಜಾನೆಯಿಂದ ಹೊಲಕ್ಕೆ ಹೋಗದೆ, ಅಕ್ಷರ ಅಕ್ಷರ ಕೂಡಿಸಿ, ಬಿಡಿಸಿ, ಮತ್ತೆ ಕೂಡಿಸಿ, ತನಗೇ ಇನ್ನೂ ಸರಿಯಾಗಿ ಬರುವುದಿಲ್ಲ ಎಂಬ ಆಸೆಯೊಂದನ್ನೇ ಹಿಡಿದುಕೊಂಡು ಬಂದಿದ್ದಳು. ಅಲ್ಲ ಬೇ, ಇದು ಬೇರೆ ಏನೋ ಐತಿ ಎಂದುಬಿಡಲೇ ಎನಿಸಿತು. ಒಂದು ಸುಳ್ಳಿಗೆ ಏನು ಕಡಿಮೆಯಾಗುತ್ತಿತ್ತು? ಆದರೆ ಕಲಿಸಿದವಳು ನಾನೇ. ಆ ಒಂದೊಂದು ಅಕ್ಷರವನ್ನೂ ಕೈಹಿಡಿದು ತೀಡಿಸಿದವಳು ನಾನೇ.

“ಬರೋಬ್ಬರಿ ಓದೀದಿ,” ಎಂದೆ.

“ಶ್ರಾವಣ ಅಂತನ ಐತೇನ್ರಿ?”

“ಹೂಂ.”

“ಮಣ್ಣ ಕೊಟ್ಟೇವಿ ಅಂತ?”

“ಹೂಂ.”

ಇಮಾಮಸಾಬ ಒಳಗೆ ಬಂದು ಚಾಪೆಯ ಅಂಚಿನಲ್ಲಿ ಕುಳಿತ. ಹನಮವ್ವ ಅಳಲಿಲ್ಲ. ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನಿಂದ ಗಾಜು ಒರೆಸಿದಳು. ಬಹಳ ಹೊತ್ತು ಒರೆಸಿದಳು. ಆಮೇಲೆ, ನಾನು ಅಷ್ಟು ಹೇಳಿದರೂ ಆ ಹೆಸರಿಗಾಗಿ ಮುಟ್ಟದಿದ್ದ ಮೈಕಿನ ಚಿತ್ರವನ್ನು ತಾನೇ ಒತ್ತಿ, ಮೊಬೈಲನ್ನು ಬಾಯಿಯ ಹತ್ತಿರ ತಂದುಕೊಂಡಳು.

“ನೀಲಪ್ಪ,” ಎಂದಳು.

ಒಡಪಿಲ್ಲ, ಸೀರೆಯಿಲ್ಲ, ಸೆರಗಿಲ್ಲ. ಬರೀ ಹೆಸರು. ಅದನ್ನು ಕೇಳಿದ ಮೇಲೆ ಸುದ್ದಿಯನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಲಗಮವ್ವ ಗೋಡೆಗೆ ಮುಖ ಮಾಡಿ ಅತ್ತಳು. ಬಾಗಿಲು ಹಾಕಿಕೊಂಡು ಒಮ್ಮೆ ಹೇಳಿಬಿಡು ಎಂದಿದ್ದವಳು ನಾನು. ಈಗ ಕಿವಿ ಮುಚ್ಚಿಕೊಳ್ಳಬೇಕೆನಿಸಿತು.

ಮೊಬೈಲು ಹುಡುಕಿತು. ಆಕೆ ಮುಂಜಾನೆಯಿಂದ ಅದನ್ನೇ ನೋಡಿದ್ದರಿಂದಲೋ ಏನೋ, ಟಗರಿನವನನ್ನೂ ಕುಸ್ತಿಯವನನ್ನೂ ಕೆಳಗೆ ತಳ್ಳಿ ಅವನನ್ನೇ ಮೊದಲು ತಂದಿತು. ಹನಮವ್ವ ಬೆರಳು ಹಸಿ ಮಾಡಿಕೊಂಡು ಒತ್ತಿದಳು. ಗುಡಿಯ ಕಟ್ಟೆಯ ಮೇಲೆ ನೀಲಪ್ಪ ಏಕತಾರಿ ಮೀಟಿ ಹಾಡತೊಡಗಿದ. ಹಾಡು ಮುಗಿಯುವವರೆಗೂ ನಾವು ಯಾರೂ ಏಳಲಿಲ್ಲ.

“ನೋಡ್ರಿ ಅಕ್ಕಾರ,” ಎಂದಳು ಹನಮವ್ವ, ಪರದೆಯ ಮೇಲಿನ ಆ ಮುದುಕನ ಮುಖದಿಂದ ಕಣ್ಣು ತೆಗೆಯದ ಹಾಗೆ. “ಒಮ್ಮೆ ಕರದ್ರ ಬಂದ್ರು. ಇದ್ದಾಗ ಒಮ್ಮೆರ ಕರೀಬೇಕಾಗಿತ್ತು.”